ಆರ್ಕೆಸ್ಟ್ರಾ ಟ್ರ್ಯಾಕ್ ಬಿಡೋಕೆ ಯಾವ ಪ್ಲೇಯರ್? ಪದೇ ಪದೇ ಕೇಳುವ ಪ್ರಶ್ನೆಗಳು

ಗಣೇಶ ಕೂರಿಸಿದ ದಿನದಿಂದ ರಾಜ್ಯೋತ್ಸವದ ನವೆಂಬರ್ ಮುಗಿಯುವ ತನಕ ನಮಗೆ ಸುಗ್ಗಿ. ನಾನು ತಂಡದಲ್ಲಿ ಕೀಬೋರ್ಡ್ ನುಡಿಸುತ್ತೇನೆ. ಟ್ರ್ಯಾಕ್ ಬಿಡುವ ಕೆಲಸವೂ ನನ್ನ ತಲೆಗೇ ಬಿದ್ದಿದೆ. ಹೊಸದಾಗಿ ಆರ್ಕೆಸ್ಟ್ರಾ ಕಟ್ಟಿದ ಹುಡುಗರು ಫೋನ್ ಮಾಡಿ, "ಅಣ್ಣಾ, ಟ್ರ್ಯಾಕ್‌ಗೆ ಯಾವ ಪ್ಲೇಯರ್ ತಗೊಳ್ಳೋದು?" ಅಂತ ಕೇಳುತ್ತಲೇ ಇರುತ್ತಾರೆ. ಹೇಳಿದ್ದನ್ನೇ ಹೇಳಿ ಸಾಕಾಗಿದೆ. ಅದಕ್ಕೇ ಇಲ್ಲಿ ಬರೆದಿಟ್ಟಿದ್ದೇನೆ.

ಟ್ರ್ಯಾಕ್ ಅಂದರೆ ಕರೋಕೆ ತಾನೇ?

ಎರಡು ಥರ ಇದೆ. ಗಾಯಕರಿಬ್ಬರು ಮೈಕ್ ಹಿಡಿದು ನಿಂತು, ಹಿಂದಿನ ಸಂಗೀತವೆಲ್ಲ ರೆಕಾರ್ಡಿನಿಂದಲೇ ಬರುವುದು ಒಂದು. ಅದಕ್ಕೆ ಯಾವ ಪ್ಲೇಯರ್ ಆದರೂ ನಡೆಯುತ್ತದೆ. ಇನ್ನೊಂದರಲ್ಲಿ ಡ್ರಮ್ಸ್, ಢೋಲಕ್, ಕೀಬೋರ್ಡ್, ಗಿಟಾರ್ ಎಲ್ಲ ವೇದಿಕೆ ಮೇಲೇ ಇರುತ್ತವೆ. ನಮ್ಮ ಕೈಲಾಗದ ಪಿಟೀಲಿನ ಗುಂಪು, ಕೊಳಲು, ಕೋರಸ್ ಮಾತ್ರ ಟ್ರ್ಯಾಕಿನಿಂದ ಬರುತ್ತದೆ. ಕಷ್ಟ ಇರುವುದು ಇದರಲ್ಲೇ. ಢೋಲಕ್‌ನವರು ಲಯದಲ್ಲಿ ಸ್ವಲ್ಪ ಓಡಿದರೆ ಗಿಟಾರಿನವರೂ ಹಿಂದೆಯೇ ಓಡುತ್ತಾರೆ. ಟ್ರ್ಯಾಕ್ ಓಡುವುದಿಲ್ಲ. ಗಾಯಕ ಚರಣವನ್ನು ತಡವಾಗಿ ಎತ್ತಿಕೊಂಡರೆ ಅದು ಕಾಯುವುದೂ ಇಲ್ಲ. ಕೆಳಗಿನ ಉತ್ತರಗಳೆಲ್ಲ ಈ ಎರಡನೇ ಥರದವರಿಗೆ.

ಫೋನ್ ಇದೆಯಲ್ಲ, ಬೇರೆ ಪ್ಲೇಯರ್ ಯಾಕೆ?

ಫೋನ್ ಆಗುತ್ತದೆ. ಆದರೆ ನೀವು ದಿನಾ ಬಳಸುವ ಫೋನ್ ಬೇಡ.

ಒಂದು ರಿಸೆಪ್ಷನ್‌ನಲ್ಲಿ ನನ್ನ ಫೋನ್‌ನಿಂದಲೇ ಟ್ರ್ಯಾಕ್ ಬಿಡುತ್ತಿದ್ದೆ. ಏರೋಪ್ಲೇನ್ ಮೋಡ್ ಹಾಕಿದ್ದೆ, ಕರೆ ಬರುವ ಮಾತೇ ಇಲ್ಲ ಅಂತ ಧೈರ್ಯವಾಗಿದ್ದೆ. ಎಂಟೂವರೆಗೆ ಸರಿಯಾಗಿ ಅಲಾರಂ ಹೊಡೆಯಿತು, ಅಪ್ಪನ ಮಾತ್ರೆಗೆ ಅಂತ ಇಟ್ಟಿದ್ದು. ಏರೋಪ್ಲೇನ್ ಮೋಡ್ ಅಲಾರಂ ಅನ್ನು ತಡೆಯುವುದಿಲ್ಲ ಅಂತ ನನಗೆ ಗೊತ್ತಾಗಿದ್ದು ಅವತ್ತೇ, ನಾಲ್ಕು ದೊಡ್ಡ ಸ್ಪೀಕರ್‌ಗಳ ಮೂಲಕ. ಮದುಮಗಳೂ ನಕ್ಕಳು.

ಮನೆಯಲ್ಲಿ ಮೂಲೆಗೆ ಬಿದ್ದಿರುವ ಹಳೇ ಫೋನ್ ಇದ್ದರೆ ತೆಗೆಯಿರಿ. ಸಿಮ್ ಬೇಡ. ಎಲ್ಲ ಅಳಿಸಿ ಒಂದೇ ಒಂದು ಪ್ಲೇಯರ್ ಆಪ್ ಇಡಿ. ವೈಫೈ, ನೋಟಿಫಿಕೇಶನ್, ತಾನಾಗೇ ಅಪ್‌ಡೇಟ್ ಆಗುವುದು, ಕೀ ಒತ್ತಿದರೆ ಬರುವ ಟಿಕ್ ಸದ್ದು ಎಲ್ಲ ಬಂದ್ ಮಾಡಿ. ಹಳೇ ಫೋನ್ ಆದರೆ ಇನ್ನೊಂದು ಲಾಭ, 3.5 ಎಂಎಂ ಇಯರ್‌ಫೋನ್ ತೂತು ಇರುತ್ತದೆ. 2016ರಲ್ಲಿ ಐಫೋನ್ 7 ಅದನ್ನು ತೆಗೆದುಹಾಕಿತು, ಆಮೇಲೆ ಉಳಿದವರೂ ಒಬ್ಬೊಬ್ಬರಾಗಿ ತೆಗೆದರು. ತೂತಿಲ್ಲದ ಫೋನ್‌ಗೆ ಸಣ್ಣ ಅಡಾಪ್ಟರ್ ಬೇಕು. ಆ ಬೆರಳುದ್ದದ ಬಾಲ ಕಳೆದುಹೋದರೆ ಕಾರ್ಯಕ್ರಮವೇ ಇಲ್ಲ. ಎರಡು ಇಟ್ಟುಕೊಳ್ಳಿ.

ಬಿಸಿಲನ್ನೂ ನೆನಪಿಡಿ. ಸುತ್ತಲ ಬಿಸಿ 35 ಡಿಗ್ರಿ ದಾಟದ ಜಾಗದಲ್ಲಿ ಐಫೋನ್ ಬಳಸಿ ಅಂತ ಆಪಲ್‌ನವರೇ ಹೇಳುತ್ತಾರೆ. ಬಳ್ಳಾರಿ, ಕಲಬುರಗಿ ಕಡೆ ಏಪ್ರಿಲ್‌ನಲ್ಲಿ ಸಂಜೆ ನಾಲ್ಕಕ್ಕೆ ಸೌಂಡ್ ಚೆಕ್ ಮಾಡಿದವರಿಗೆ ಇದರ ಅರ್ಥ ಗೊತ್ತು. ಬಿಸಿ ಜಾಸ್ತಿಯಾದರೆ ಫೋನ್ ತಾನೇ ಮಂಕಾಗುತ್ತದೆ, ಆಮೇಲೆ ಮುಷ್ಕರ ಹೂಡುತ್ತದೆ.

ಸರಿ, ಪ್ಲೇಯರ್ ಕೊಳ್ಳುವಾಗ ಮೊದಲು ನೋಡಬೇಕಾದ್ದು ಏನು? ಸೌಂಡ್ ಕ್ವಾಲಿಟಿನಾ?

ಅಲ್ಲ. ಅದನ್ನು ಕೊನೆಗೆ ನೋಡಿ. 16 ಬಿಟ್, 44,100 ಹರ್ಟ್ಜ್ ಅನ್ನುವುದು 1982ರಲ್ಲಿ ಸಿಡಿ ಬಂದಾಗಿನ ಲೆಕ್ಕ. ಅದನ್ನು ಸರಿಯಾಗಿ ನುಡಿಸದ ಪ್ಲೇಯರ್ ಈಗ ಸಿಗುವುದೇ ಅಪರೂಪ. ಪೆಂಡಾಲ್‌ನಲ್ಲಿ ಮಕ್ಕಳು ಓಡಾಡುತ್ತಾ, ಪಕ್ಕದಲ್ಲಿ ಜನರೇಟರ್ ಗುಡುಗುಡು ಅನ್ನುತ್ತಾ ಇರುವಾಗ ಅದಕ್ಕಿಂತ ಹೆಚ್ಚಿನದು ಯಾರ ಕಿವಿಗೂ ಹೋಗುವುದಿಲ್ಲ.

ನಾನು ಅಂಗಡಿಯಲ್ಲಿ ನೋಡುವುದು ಬೇರೆ. ಒತ್ತಿದ ತಕ್ಷಣ ಶುರುವಾಗುತ್ತದಾ? ಹಾಡು ಮುಗಿದರೆ ಸುಮ್ನೆ ನಿಲ್ಲುತ್ತದಾ? ನೋಡದೆ ಬೆರಳಿಗೆ ಸಿಗುವಂಥ ನಿಜವಾದ ಗುಂಡಿ ಇದೆಯಾ, ಇಲ್ಲ ಎಲ್ಲ ಟಚ್‌ನಲ್ಲೇನಾ? ಬೆವರಿದ ಬೆರಳಿಗೆ ಟಚ್ ಕೇಳುವುದಿಲ್ಲ. ಒಳಗೆ ಸ್ವಂತ ಬ್ಯಾಟರಿ ಇದೆಯಾ? ಹಾಡಿನ ಹೆಸರು ಒಂದು ಮೊಳ ದೂರದಿಂದ ಕಾಣುತ್ತದಾ? ಈ ಐದಕ್ಕೂ ಹೌದು ಅಂದರೆ ಬ್ರ್ಯಾಂಡ್ ಯಾವುದಾದರೂ ಆಗಲಿ.

ಒಂದು ಹಾಡು ಮುಗಿದ ಕೂಡಲೇ ಮುಂದಿನದು ತಾನಾಗೇ ಶುರುವಾಗುತ್ತೆ. ಏನು ಮಾಡೋದು?

ಮುಕ್ಕಾಲು ಪಾಲು ಪ್ಲೇಯರ್‌ಗಳ ರೋಗ ಇದು. ಅವನ್ನು ಮಾಡಿರುವುದೇ ಬಸ್ಸಿನಲ್ಲಿ ಕೂತು ಹಾಡು ಕೇಳುವವರಿಗೆ. ನಿರೂಪಕರು "ಈಗ ಮುಂದಿನ ಗೀತೆ..." ಅನ್ನುವಷ್ಟರಲ್ಲಿ ಹಿಂದೆ ಡ್ರಮ್ ರೋಲ್ ಬಂದುಬಿಡುತ್ತದೆ. ಕೆಲವು ಪ್ಲೇಯರ್‌ಗಳಲ್ಲಿ 'ಸಿಂಗಲ್' ಅಂತ ಸೆಟ್ಟಿಂಗ್ ಇರುತ್ತದೆ, ಒಂದು ಹಾಡಿಗೆ ನಿಲ್ಲಿಸುತ್ತದೆ. ಕೊಳ್ಳುವ ಮುಂಚೆ ಅಂಗಡಿಯಲ್ಲೇ ಎರಡು ಚಿಕ್ಕ ಫೈಲ್ ಹಾಕಿ ನೋಡಿ.

ಆ ಸೌಲಭ್ಯ ಇಲ್ಲದಿದ್ದರೆ ನನ್ನದೊಂದು ಹಳೇ ಉಪಾಯ ಇದೆ. ಪ್ರತಿ ಹಾಡಿನ ಕೊನೆಗೆ ಎರಡು ನಿಮಿಷ ಖಾಲಿ ಮೌನ ಅಂಟಿಸಿ. ಆಡಾಸಿಟಿ ಅನ್ನುವ ಉಚಿತ ಸಾಫ್ಟ್‌ವೇರ್‌ನಲ್ಲಿ ಅರ್ಧ ನಿಮಿಷದ ಕೆಲಸ. ಹಾಡು ಮುಗಿದ ಮೇಲೆ ಆರಾಮಾಗಿ ನೀರು ಕುಡಿದು ಪಾಸ್ ಒತ್ತಬಹುದು.

ಕೈಯಲ್ಲಿ ಹಿಡಿಯುವ ರೆಕಾರ್ಡರ್ ಅನ್ನೇ ಪ್ಲೇಯರ್ ಮಾಡಿಕೊಳ್ಳಬಹುದಾ?

ಖಂಡಿತ. ಕಡಿಮೆ ಖರ್ಚಿನಲ್ಲಿ ನನಗೆ ಅತಿ ಇಷ್ಟವಾದ ದಾರಿ ಇದೇ. ಜೂಮ್ ಎಚ್1ಎನ್, ಟಸ್ಕಾಂ ಡಿಆರ್-05 ಥರದವು. ಮೈಕ್ರೋ ಎಸ್‌ಡಿ ಕಾರ್ಡ್‌ನಿಂದ ವೇವ್ ಫೈಲ್ (ಎಂಪಿ3 ಥರ ಕುಗ್ಗಿಸದೆ ಇಟ್ಟ ರೆಕಾರ್ಡ್) ನುಡಿಸುತ್ತವೆ, ಗುಂಡಿಗಳು ಗಟ್ಟಿಯಾಗಿವೆ, ಯಾರೂ ಅದಕ್ಕೆ ಕರೆ ಮಾಡುವುದಿಲ್ಲ. ಎಲ್ಲಕ್ಕಿಂತ ಮುಖ್ಯ ಬ್ಯಾಟರಿ. ಟಸ್ಕಾಂಗೆ ಎರಡು ಪೆನ್ಸಿಲ್ ಸೆಲ್, ಜೂಮ್‌ಗೆ ಅದಕ್ಕಿಂತ ಸಣ್ಣ ಎರಡು ಸೆಲ್. ಯಾವ ಹಳ್ಳಿಯ ಅಂಗಡಿಯಲ್ಲೂ ಸಿಗುತ್ತದೆ. ಜೊತೆಗೆ ಟ್ರ್ಯಾಕ್ ಬಿಡದ ಇನ್ನೊಂದು ದಿನ ಕಾರ್ಯಕ್ರಮವನ್ನು ಇದರಲ್ಲೇ ರೆಕಾರ್ಡ್ ಮಾಡಿ ಕೇಳಿಸಿಕೊಂಡರೆ ಯಾರು ಓಡುತ್ತಿದ್ದಾರೆ ಅಂತ ಗೊತ್ತಾಗುತ್ತದೆ. ಕೇಳಿದ ಮೇಲೆ ಜಗಳ ಆಗಬಹುದು, ಅದು ಬೇರೆ ಮಾತು.

ಕೊರತೆಯೂ ಇದೆ. ಪರದೆ ತೀರಾ ಸಣ್ಣದು. ಉದ್ದ ಹೆಸರು ಕಾಣುವುದಿಲ್ಲ. ಎಡ, ಬಲ ಅಂತ ಎರಡೇ ಚಾನೆಲ್ ಹೊರಗೆ ಬರುತ್ತದೆ. ಐಪಾಡ್ ಇದ್ದವರು ಅದನ್ನೂ ಬಳಸುತ್ತಾರೆ, ಆದರೆ ಆಪಲ್ 2022ರಲ್ಲಿ ಐಪಾಡ್ ಟಚ್ ನಿಲ್ಲಿಸಿತು. ಸೆಕೆಂಡ್ ಹ್ಯಾಂಡ್ ತಗೊಂಡರೆ ಬ್ಯಾಟರಿ ಉಬ್ಬಿದೆಯಾ ನೋಡಿಕೊಳ್ಳಿ.

ಸೌಂಡ್‌ನವರ ಮಿಕ್ಸರ್‌ನಲ್ಲೇ ಪೆನ್‌ಡ್ರೈವ್ ಹಾಕೋ ಜಾಗ ಇರುತ್ತಲ್ಲ?

ಇರುತ್ತದೆ. ಕಾರ್ಯಕ್ರಮಕ್ಕೆ ಮುಂಚೆ ಭಕ್ತಿಗೀತೆ ಹಾಕೋಕೆ ಚೆನ್ನಾಗಿದೆ. ಟ್ರ್ಯಾಕ್‌ಗೆ ನಂಬಬೇಡಿ.

ಕಾರಣ ಕರೆಂಟ್. ಹಳ್ಳಿ ಕಡೆ ಕರೆಂಟ್ ಹೋಗಿ ಜನರೇಟರ್‌ಗೆ ಬದಲಾಗುವ ಆ ಒಂದು ಕ್ಷಣ ಸಾಕು, ಮಿಕ್ಸರ್ ಒಳಗಿನ ಪ್ಲೇಯರ್ ಆರಿ ಹೊತ್ತಿಕೊಳ್ಳುತ್ತದೆ. ಹೊತ್ತಿಕೊಂಡು ಮೊದಲನೇ ಹಾಡಿನಿಂದ ಶುರುಮಾಡುತ್ತದೆ. ನೀವು ಕುಣಿತದ ಹಾಡಿನ ನಡುವೆ ಇರುತ್ತೀರಿ, ಸ್ಪೀಕರ್‌ನಲ್ಲಿ ಗಣಪತಿ ಸ್ತುತಿ ಬರುತ್ತದೆ. ಬ್ಯಾಟರಿಯ ಪ್ಲೇಯರ್ ಆದರೆ ಕರೆಂಟ್ ಬಂದ ಕೂಡಲೇ ಹಾಡು ಎಲ್ಲಿರಬೇಕೋ ಅಲ್ಲೇ ಇರುತ್ತದೆ. ಡ್ರಮ್ಮರ್ ಕಿವಿಯಲ್ಲಿ ಕ್ಲಿಕ್ (ತಾಳ ತೋರಿಸುವ ಟಿಕ್ ಟಿಕ್ ಸದ್ದು) ಇದ್ದರೆ ಅವರು ಕತ್ತಲಲ್ಲೂ ತಾಳ ಬಿಡುವುದಿಲ್ಲ.

ಬೇರೆ ದಾರಿ ಇಲ್ಲದೆ ಪೆನ್‌ಡ್ರೈವ್ ಬಳಸಬೇಕಾದರೆ ಫ್ಯಾಟ್32ಗೆ ಫಾರ್ಮ್ಯಾಟ್ ಮಾಡಿ. ಹೆಸರಿನ ಮುಂದೆ 01, 02 ಅಂತ ಹಾಕಿ. ಫೈಲ್ ಹೆಸರು ಮಾತ್ರ ಕನ್ನಡ ಲಿಪಿಯಲ್ಲಿ ಬೇಡ. ಬೇಜಾರಿನ ಮಾತೇ, ಆದರೆ ಅಗ್ಗದ ಪ್ಲೇಯರ್‌ಗಳ ಪರದೆಯಲ್ಲಿ ಕನ್ನಡ ಅಕ್ಷರಗಳೆಲ್ಲ ಪ್ರಶ್ನೆ ಚಿಹ್ನೆ ಇಲ್ಲವೇ ಖಾಲಿ ಡಬ್ಬಿಗಳಾಗಿ ಕಾಣುತ್ತವೆ. ನಲವತ್ತು ಹಾಡು, ನಲವತ್ತು ಸಾಲು ಡಬ್ಬಿ.

ಬ್ಲೂಟೂತ್‌ನಲ್ಲಿ ಬಿಟ್ಟರೆ ತಾಳ ತಪ್ಪುತ್ತಾ?

ಎಲ್ಲರೂ ಹೇಳುವ ಕಾರಣ ಅದು, ನಿಜವಾದ ಕಾರಣ ಅದಲ್ಲ. ಬ್ಲೂಟೂತ್‌ನಲ್ಲಿ ಸದ್ದು ಸೆಕೆಂಡಿನ ಹತ್ತನೇ ಒಂದು ಭಾಗ, ಕೆಲವು ಸಲ ಅದರ ಎರಡು ಮೂರು ಪಟ್ಟು ತಡವಾಗಿ ಬರುವುದು ಹೌದು. ಆದರೆ ಇಡೀ ತಂಡ ಆ ಒಂದೇ ಸದ್ದನ್ನು ಕೇಳಿ ನುಡಿಸುತ್ತಿದ್ದರೆ ತಡವಾದದ್ದು ಯಾರಿಗೂ ಗೊತ್ತಾಗುವುದಿಲ್ಲ. ಕ್ಲಿಕ್ ತಂತಿಯಲ್ಲಿ, ಸಂಗೀತ ಬ್ಲೂಟೂತ್‌ನಲ್ಲಿ ಅಂತ ಬೇರೆ ಮಾಡಿದರೆ ಮಾತ್ರ ಅನಾಹುತ. ಹಿಂದೆ ಎಲ್‌ಇಡಿ ಪರದೆಯಲ್ಲಿ ವಿಡಿಯೋ ಇದ್ದರೂ ತುಟಿ ಒಂದು ಕಡೆ, ಹಾಡು ಒಂದು ಕಡೆ.

ಬ್ಲೂಟೂತ್ ಬೇಡ ಅನ್ನುವುದಕ್ಕೆ ಅದು ಕಡಿದುಹೋಗುವುದೇ ಕಾರಣ. ಅದು ಓಡುವುದು 2.4 ಗಿಗಾಹರ್ಟ್ಜ್‌ನಲ್ಲಿ. ಜನರ ಹಾಟ್‌ಸ್ಪಾಟ್‌ಗಳು, ಕೆಲವು ಕಾರ್ಡ್‌ಲೆಸ್ ಮೈಕ್‌ಗಳೂ ಅಲ್ಲೇ ಓಡುತ್ತವೆ. ಮನುಷ್ಯರ ಮೈ ಆ ಅಲೆಯನ್ನು ಹೀರಿಕೊಳ್ಳುತ್ತದೆ. ಮಧ್ಯಾಹ್ನ ಖಾಲಿ ಮೈದಾನದಲ್ಲಿ ಚೆನ್ನಾಗಿ ಬಂದದ್ದು ರಾತ್ರಿ ಜನ ತುಂಬಿದ ಮೇಲೆ ತೊದಲುತ್ತದೆ. ಸೌಂಡ್ ಹುಡುಗನ ಫೋನ್ ನಡುವೆ ತಾನಾಗೇ ಕನೆಕ್ಟ್ ಆದರಂತೂ ಮುಗಿಯಿತು. ತಂತಿಯೇ ಇರಲಿ.

ಎಂಪಿ3 ಇಡೋದಾ, ವೇವ್ ಇಡೋದಾ?

ವೇವ್. ಸ್ಟೀರಿಯೋ ವೇವ್ ನಿಮಿಷಕ್ಕೆ ಸುಮಾರು 10 ಎಂಬಿ ಆಗುತ್ತದೆ. ಐದು ನಿಮಿಷದ ನಲವತ್ತು ಹಾಡಿಗೆ 2 ಜಿಬಿ ಚಿಲ್ಲರೆ. ಕಾರ್ಡಿನಲ್ಲಿ ಜಾಗ ಬೇಕಾದಷ್ಟಿದೆ, ಮತ್ತೆ ಯಾಕೆ ಜಿಪುಣತನ? ಎಂಪಿ3 ಮಾಡಿದಾಗ ಹಾಡಿನ ಶುರುವಿಗೆ ಒಂದು ಚೂರು ಮೌನ ಸೇರಿಕೊಳ್ಳುತ್ತದೆ. ಒಂದೇ ಫೈಲ್ ಆದರೆ ತೊಂದರೆ ಇಲ್ಲ, ಲೂಪ್ ಮಾಡಿದರೆ ಪ್ರತಿ ಸುತ್ತಿಗೂ ಎಡವುತ್ತದೆ. ಕಡಿಮೆ ಬಿಟ್‌ರೇಟಿನ ಎಂಪಿ3ಯಲ್ಲಿ ಎಡಗಡೆಯ ಕ್ಲಿಕ್ ಬಲಗಡೆಗೆ ಸೋರುವುದೂ ಉಂಟು (ಕ್ಲಿಕ್ ಎಡಕ್ಕೆ ಹಾಕುವುದು ಹೇಗೆ ಅಂತ ಕೆಳಗೆ ಹೇಳಿದ್ದೇನೆ). ಅಂತರ್ಜಾಲದಿಂದ ಇಳಿಸಿದ ಎಂಪಿ3ಯನ್ನು ವೇವ್ ಮಾಡಿದರೆ ಗುಣ ಏನೂ ಹೆಚ್ಚಾಗುವುದಿಲ್ಲ. ಕೇಳಬೇಡಿ ಅಂದರೂ ಇದನ್ನು ಕೇಳುತ್ತಾರೆ.

ಮಿಕ್ಸರ್‌ಗೆ ಹಾಕಿದರೆ ಟ್ರ್ಯಾಕ್ ಟೊಳ್ಳಾಗಿ ಕೇಳುತ್ತೆ. ಪ್ಲೇಯರ್ ಕೆಟ್ಟಿದೆಯಾ?

ಪ್ಲೇಯರ್ ಚೆನ್ನಾಗಿದೆ, ಕೇಬಲ್ ತಪ್ಪಿದೆ. ಇದು ನನ್ನನ್ನು ಎರಡು ಕಾರ್ಯಕ್ರಮ ಕಾಡಿದ ಸಮಸ್ಯೆ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಪ್ಲೇಯರ್‌ನ ಸಣ್ಣ ಸ್ಟೀರಿಯೋ ಪಿನ್‌ನಲ್ಲಿ ಎರಡು ಕಪ್ಪು ಗೆರೆ ಇರುತ್ತವೆ. ತುದಿಯಲ್ಲಿ ಎಡ, ನಡುವೆ ಬಲ, ಬುಡದಲ್ಲಿ ಗ್ರೌಂಡ್. ಮಿಕ್ಸರ್‌ನ ಲೈನ್ ತೂತಿಗೂ ಎರಡು ಗೆರೆಯ ದೊಡ್ಡ ಪಿನ್ ಸರಿಯಾಗಿ ಕೂರುತ್ತದೆ. ಆದರೆ ಮಿಕ್ಸರ್ ಅದನ್ನು ಎಡ, ಬಲ ಅಂತ ಓದುವುದಿಲ್ಲ. ಒಂದೇ ಸದ್ದು ನೇರವಾಗಿ ಒಂದರಲ್ಲಿ, ತಿರುಗುಮುರುಗಾಗಿ ಇನ್ನೊಂದರಲ್ಲಿ ಬರುತ್ತಿದೆ ಅಂದುಕೊಂಡು ಒಂದರಿಂದ ಇನ್ನೊಂದನ್ನು ಕಳೆಯುತ್ತದೆ. ಆಗ ಎರಡೂ ಕಡೆ ಸಮನಾಗಿರುವುದೆಲ್ಲ ಮಾಯ. ಬೇಸ್, ಕಿಕ್, ಟ್ರ್ಯಾಕಿನಲ್ಲಿರುವ ಮುಖ್ಯ ಕೋರಸ್ ಎಲ್ಲ ನಡುವಿನವು, ಎಲ್ಲ ಹೋಯಿತು. ಉಳಿಯುವುದು ಅಂಚಿನ ಪ್ರತಿಧ್ವನಿ ಮಾತ್ರ. ಬಾವಿಯೊಳಗಿಂದ ಹಾಡಿದ ಹಾಗೆ.

ಬೇಕಾದ್ದು ವೈ ಕೇಬಲ್. ಒಂದು ತುದಿಯಲ್ಲಿ ಸಣ್ಣ ಸ್ಟೀರಿಯೋ ಪಿನ್, ಇನ್ನೊಂದು ತುದಿಯಲ್ಲಿ ಒಂದೊಂದು ಗೆರೆಯ ಎರಡು ದೊಡ್ಡ ಮೋನೋ ಪಿನ್. ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಸಣ್ಣದಕ್ಕೆ ಇಪಿ ಅನ್ನುತ್ತಾರೆ, ದೊಡ್ಡದಕ್ಕೆ ಪಿ-38. "ಇಪಿ ಸ್ಟೀರಿಯೋ ಟು ಎರಡು ಪಿ-38 ಮೋನೋ" ಅಂದರೆ ತಕ್ಷಣ ಕೈಗೆ ಕೊಡುತ್ತಾರೆ. ಎರಡು ತಗೊಳ್ಳಿ. ಒಂದು ಯಾವಾಗಲೂ ಯಾರದೋ ಕಾಲಿಗೆ ಸಿಕ್ಕಿ ಕಿತ್ತುಹೋಗುತ್ತದೆ.

ಗುಂಯ್ ಅನ್ನುವ ಸದ್ದು?

ಲ್ಯಾಪ್‌ಟಾಪ್‌ನಿಂದ ಬಿಡುತ್ತಿದ್ದರೆ ಚಾರ್ಜರ್ ಕಿತ್ತು ನೋಡಿ. ನಿಂತರೆ ಅದು ಗ್ರೌಂಡ್ ಲೂಪ್ (ಅರ್ತ್ ಎರಡು ದಾರಿಯಲ್ಲಿ ಸೇರಿಕೊಂಡು ಬರುವ ಸದ್ದು), ನಮ್ಮ 50 ಹರ್ಟ್ಜ್ ಕರೆಂಟಿನ ಹಾಡು. ಬ್ಯಾಟರಿಯಲ್ಲೇ ಓಡಿಸಿ, ಇಲ್ಲವೇ ಟ್ರಾನ್ಸ್‌ಫಾರ್ಮರ್ ಇರುವ ಡಿಐ ಬಾಕ್ಸ್ (ಮಿಕ್ಸರ್ ಮುಂಚೆ ಜೋಡಿಸುವ ಸಣ್ಣ ಪೆಟ್ಟಿಗೆ) ಹಾಕಿ. ಪ್ಲಗ್‌ನ ಅರ್ತ್ ಪಿನ್ ಮುರಿದುಹಾಕುವ ಬುದ್ಧಿವಂತಿಕೆ ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ. ಮೈಕ್ ಹಿಡಿದವರಿಗೆ ಶಾಕ್ ಹೊಡೆಯುತ್ತದೆ.

ಕ್ಲಿಕ್ ಬೇಕೇ ಬೇಕಾ? ಎರಡೇ ಚಾನೆಲ್ ಇರೋ ಪ್ಲೇಯರ್‌ನಲ್ಲಿ ಹೇಗೆ?

ಟ್ರ್ಯಾಕಿನಲ್ಲೇ ಉದ್ದಕ್ಕೂ ತಾಳ ಕೇಳುತ್ತಿದ್ದರೆ ಕ್ಲಿಕ್ ಇಲ್ಲದೆ ನಡೆಯುತ್ತದೆ. ನಡುವೆ ಎಂಟು ಮಾತ್ರೆ ಮೌನ, ಆಮೇಲೆ ಎಲ್ಲರೂ ಒಟ್ಟಿಗೆ ಬೀಳಬೇಕು ಅನ್ನುವಂಥ ಹಾಡಿದ್ದರೆ ಬೇಕೇ ಬೇಕು.

ಎರಡು ಚಾನೆಲ್‌ನಲ್ಲಿ ಮಾಡುವುದು ಹೀಗೆ. ಬಲಗಡೆ ಸಂಗೀತ ಪೂರ್ತಿ, ಮೋನೋ ಮಾಡಿ. ಎಡಗಡೆ ಕ್ಲಿಕ್. ವೈ ಕೇಬಲ್‌ನ ಬಲ ಮಿಕ್ಸರ್‌ಗೆ, ಎಡ ಒಂದು ಸಣ್ಣ ಹೆಡ್‌ಫೋನ್ ಆಂಪ್ ಮೂಲಕ ಡ್ರಮ್ಮರ್ ಕಿವಿಗೆ. ಸ್ಟೀರಿಯೋ ಹೋಯಿತಲ್ಲ ಅಂತ ಕೊರಗಬೇಡಿ, ಬಹಳಷ್ಟು ಕಡೆ ಸೌಂಡ್‌ನವರು ಎರಡೂ ಕಡೆ ಸ್ಪೀಕರ್‌ಗೆ ಒಂದೇ ಸದ್ದು ಕೊಟ್ಟಿರುತ್ತಾರೆ. ಎಡಗಡೆ ಕ್ಲಿಕ್ ಜೊತೆ ಸಂಗೀತವನ್ನೂ ಸಣ್ಣಗೆ ಸೇರಿಸಿ, ಬರೀ ಟಿಕ್ ಟಿಕ್ ಕೇಳುತ್ತಾ ನುಡಿಸಿದರೆ ಡ್ರಮ್ಮರ್‌ಗೆ ಹಾಡಿನಲ್ಲಿ ಎಲ್ಲಿದ್ದೇವೆ ಅಂತ ತಿಳಿಯುವುದಿಲ್ಲ. ನಾನು ಶುರುವಿನಲ್ಲಿ ಹಾಡಿನ ಹೆಸರನ್ನೂ ನನ್ನ ದನಿಯಲ್ಲೇ ಹೇಳಿಟ್ಟಿರುತ್ತೇನೆ, ಆಮೇಲೆ ಎರಡು ಆವರ್ತ ಎಣಿಕೆ. ತಪ್ಪು ಹಾಡು ಒತ್ತಿದ್ದರೆ ಜನರಿಗೆ ಕೇಳುವ ಮುಂಚೆ ಡ್ರಮ್ಮರ್ ಕೋಲು ಎತ್ತಿ ತೋರಿಸುತ್ತಾರೆ. ಎಷ್ಟೋ ಸಲ ಮಾನ ಉಳಿದಿದೆ.

ಸೌಂಡ್ ಚೆಕ್‌ನಲ್ಲಿ ಎಡ, ಬಲ ಅದಲುಬದಲಾಗಿದೆಯಾ ನೋಡಿ. ಕೇಬಲ್‌ಗೆ ಕೆಂಪು ಟೇಪ್ ಸುತ್ತಿಡಿ. ಕ್ಲಿಕ್ ದೊಡ್ಡ ಸ್ಪೀಕರ್‌ನಲ್ಲಿ ಬಂದರೆ ಊರಿಗೆಲ್ಲ ಗಡಿಯಾರ ಕಟ್ಟಿದ ಹಾಗಿರುತ್ತದೆ.

ಕಿವಿಗೆ ಹಾಕದೆ ಮುಂದಿನ ಸ್ಪೀಕರ್ ಕೇಳಿಯೇ ನುಡಿಸುತ್ತೇವೆ ಅನ್ನುವವರಿಗೆ ಒಂದು ಲೆಕ್ಕ. ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ಸ್ಪೀಕರ್ 10 ಮೀಟರ್ ದೂರ ಇದ್ದರೆ ನೀವು ಕೇಳುವುದೇ ಸುಮಾರು 30 ಮಿಲಿಸೆಕೆಂಡ್ ತಡ. ಮಾನಿಟರ್ (ನಮ್ಮ ಕಡೆಗೆ ತಿರುಗಿಸಿದ ಸ್ಪೀಕರ್) ಕಾಲ ಬಳಿ ಇಟ್ಟುಕೊಳ್ಳಿ.

ಲ್ಯಾಪ್‌ಟಾಪ್, ಸ್ಯಾಂಪಲ್ ಪ್ಯಾಡ್, ಕೀಬೋರ್ಡ್ ಇವುಗಳಲ್ಲಿ?

ನಿಮ್ಮ ಕೀಬೋರ್ಡ್‌ಗೆ ಪೆನ್‌ಡ್ರೈವ್ ಹಾಕುವ ಜಾಗ ಇದ್ದರೆ ಮೊದಲು ಅದನ್ನೇ ನೋಡಿ. ಯಮಹಾ ಪಿಎಸ್‌ಆರ್-ಎಸ್‌ಎಕ್ಸ್900 ಥರದವು ವೇವ್, ಎಂಪಿ3 ಎರಡನ್ನೂ ನುಡಿಸುತ್ತವೆ. ಹೊಸದೇನೂ ಕೊಳ್ಳಬೇಕಿಲ್ಲ. ಆದರೆ ಕರೆಂಟಿನ ಕಥೆ ಇಲ್ಲೂ ಅದೇ, ಒಂದು ಯುಪಿಎಸ್ ಇರಲಿ.

ದುಡ್ಡಿದ್ದರೆ ರೋಲ್ಯಾಂಡ್ ಎಸ್‌ಪಿಡಿ-ಎಸ್‌ಎಕ್ಸ್. ಇದು ಸ್ಯಾಂಪಲ್ ಪ್ಯಾಡ್, ಒಂಬತ್ತು ಪ್ಯಾಡ್, ಒಳಗೇ ವೇವ್ ಫೈಲ್. ಡ್ರಮ್ಮರ್ ಕೋಲಿನಿಂದ ಹೊಡೆದರೆ ಟ್ರ್ಯಾಕ್ ಶುರು. ನನಗೆ ಇದರಲ್ಲಿ ಇಷ್ಟವಾಗುವುದು ಯಂತ್ರವಲ್ಲ, ಆ ಪದ್ಧತಿ. ಯಾರ ಕೈಯಲ್ಲಿ ತಾಳ ಇದೆಯೋ ಅವರೇ ಟ್ರ್ಯಾಕ್ ಬಿಡುತ್ತಾರೆ. ಮನೆಯಲ್ಲಿರುವ ಹಳೇ ಆಕ್ಟಾಪ್ಯಾಡ್ ಇದೇ ಕೆಲಸ ಮಾಡುತ್ತೆ ಅಂದುಕೊಳ್ಳಬೇಡಿ. ನೋಡಲು ಅಣ್ಣತಮ್ಮ, ಕೆಲಸ ಬೇರೆ.

ಲ್ಯಾಪ್‌ಟಾಪ್‌ನಲ್ಲಿ ಏಬಲ್‌ಟನ್ ಲೈವ್, ರೀಪರ್ ಥರದ ಸಂಗೀತದ ಸಾಫ್ಟ್‌ವೇರ್ ಹಾಕಿ, ಸದ್ದನ್ನು ಹೊರಗೆ ಕೊಡುವ ನಾಲ್ಕು ಔಟ್‌ಪುಟ್ ಇರುವ ಇಂಟರ್‌ಫೇಸ್ ಜೋಡಿಸಿದರೆ ಸ್ಟೀರಿಯೋ ಸಂಗೀತ, ಕ್ಲಿಕ್ ಎಲ್ಲ ಬೇರೆ ಬೇರೆ ಕೊಡಬಹುದು. ದೊಡ್ಡ ತಂಡಗಳಿಗೆ ಸರಿ. ಐದು ಜನರ ತಂಡಕ್ಕೆ ಅದನ್ನು ಕಾಯಲು ಆರನೆಯವರು ಬೇಕಾಗುತ್ತಾರೆ.

ಒಂದು ಹಾಡು ಕಿರುಚುತ್ತೆ, ಇನ್ನೊಂದು ಕೇಳಿಸೋದೇ ಇಲ್ಲ.

ಮನೆಯಲ್ಲೇ ಸರಿಮಾಡಿ. ಆಡಾಸಿಟಿಯಲ್ಲಿ ಲೌಡ್‌ನೆಸ್ ನಾರ್ಮಲೈಸೇಶನ್ ಅಂತ ಇದೆ. ಎಲ್ಲ ಹಾಡಿಗೂ ಒಂದೇ ಅಂಕಿ ಕೊಡಿ, ನಾನು ಮೈನಸ್ 16 ಇಡುತ್ತೇನೆ. ಪ್ಲೇಯರ್‌ನ ವಾಲ್ಯೂಮ್ ಮುಕ್ಕಾಲಿಗೆ ಇಟ್ಟು ಆಮೇಲೆ ಮುಟ್ಟಲೇಬೇಡಿ. ಈಕ್ವಲೈಸರ್, ಬೇಸ್ ಬೂಸ್ಟ್ ಎಲ್ಲ ಆಫ್.

ಗಾಯಕಿ ವೇದಿಕೆ ಮೇಲೆ "ಇವತ್ತು ಗಂಟಲು ಸರಿಯಿಲ್ಲ, ಸ್ಕೇಲ್ ಇಳಿಸಿ" ಅಂದರೆ?

ಕೆಲವು ಆಪ್‌ಗಳು ಅಲ್ಲೇ ಇಳಿಸುತ್ತವೆ, ಆದರೆ ಪಿಟೀಲು ಅಳುತ್ತದೆ. ಯಾವ ಹಾಡಿಗೆ ಈ ಮಾತು ಬರುತ್ತದೆ ಅಂತ ನಿಮಗೆ ಗೊತ್ತೇ ಇರುತ್ತದೆ. ಆ ನಾಲ್ಕೈದು ಹಾಡಿಗೆ ಅರ್ಧ ಸ್ವರ, ಒಂದು ಸ್ವರ ಇಳಿಸಿದ ಪ್ರತಿಗಳನ್ನು ಮೊದಲೇ ಮಾಡಿಡಿ. ಹೆಸರಿನಲ್ಲೇ ಸ್ಕೇಲ್ ಬರೆದಿರಿ.

ಹಾಡುಗಳ ಕ್ರಮ ಪಕ್ಕಾ ಮಾಡಿಬಿಡಬಹುದಾ?

ಮಾಡಿ, ಆದರೆ ಹಾರಲು ತಯಾರಾಗಿರಿ. ರಾತ್ರಿ 10ಕ್ಕೆ ಮೈಕ್ ಬಂದ್ ಆಗಬೇಕು ಅನ್ನುವುದು 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮ. ಏಳಕ್ಕೆ ಶುರುವಾಗಬೇಕಾದ ಕಾರ್ಯಕ್ರಮ ಭಾಷಣ, ಸನ್ಮಾನ ಎಲ್ಲ ಮುಗಿದು ಎಂಟೂಮುಕ್ಕಾಲಿಗೆ ನಮ್ಮ ಕೈಗೆ ಬರುತ್ತದೆ. ಪೊಲೀಸ್‌ನವರು ಗಡಿಯಾರ ತೋರಿಸಿದಾಗ ಹದಿನಾಲ್ಕನೇ ಹಾಡಿನಿಂದ ನೇರ ಇಪ್ಪತ್ತೆರಡಕ್ಕೆ ಹೋಗಬೇಕು. ಎಂಟು ಸಲ ನೆಕ್ಸ್ಟ್ ಒತ್ತಿಸುವ ಪ್ಲೇಯರ್ ಆದರೆ ಜನ ಎದ್ದು ಹೋಗುತ್ತಾರೆ. ಪಟ್ಟಿಯಿಂದ ನೇರವಾಗಿ ಆರಿಸುವಂಥದ್ದೇ ಬೇಕು.

ಲೈಸೆನ್ಸ್ ಬೇಕಾ?

ಸಾರ್ವಜನಿಕ ಕಾರ್ಯಕ್ರಮದಲ್ಲಿ ಸಿನಿಮಾ ಹಾಡು ನುಡಿಸಲು ಹಾಡು ಬರೆದವರ, ರಾಗ ಹಾಕಿದವರ ಪರವಾಗಿ ಐಪಿಆರ್‌ಎಸ್ ಸಂಸ್ಥೆ ಲೈಸೆನ್ಸ್ ಕೊಡುತ್ತದೆ. ಕಂಪನಿಯ ಮೂಲ ರೆಕಾರ್ಡನ್ನೇ ಕತ್ತರಿಸಿ ಟ್ರ್ಯಾಕ್ ಮಾಡಿದ್ದರೆ ಆ ರೆಕಾರ್ಡಿನ ಹಕ್ಕು ಬೇರೆ. ಮದುವೆ ಮತ್ತು ಅದಕ್ಕೆ ಸೇರಿದ ಸಮಾರಂಭಗಳಿಗೆ ಕಾಪಿರೈಟ್ ಕಾಯಿದೆಯಲ್ಲಿ ವಿನಾಯಿತಿ ಇದೆ. ಉಳಿದದ್ದಕ್ಕೆ ಆಯೋಜಕರ ಜೊತೆ ಮುಂಚೆಯೇ ಮಾತಾಡಿ, ಯಾರು ಕಟ್ಟುತ್ತಾರೆ ಅಂತ ಬರೆಸಿಕೊಳ್ಳಿ.

ಹಾಡಿನ ನಡುವೆ ಟ್ರ್ಯಾಕ್ ನಿಂತೇ ಹೋದರೆ?

ಇನ್ನೊಂದು ಪ್ಲೇಯರ್‌ನಲ್ಲಿ ಅದೇ ಫೈಲ್‌ಗಳು, ಪಕ್ಕದ ಚಾನೆಲ್‌ಗೆ ಜೋಡಿಸಿ ಮ್ಯೂಟ್ ಮಾಡಿಟ್ಟಿರಬೇಕು. ಆದರೆ ಅದು ಮುಂದಿನ ಹಾಡಿಗೆ. ನಿಂತ ಹಾಡನ್ನು ನಡುವಿನಿಂದ ಹಿಡಿಯಲು ಹೋಗಬೇಡಿ, ಎಲ್ಲೋ ಬೀಳುತ್ತದೆ. ತಂಡದವರೆಲ್ಲ ತಿರುಗಿ ನನ್ನ ಮುಖ ನೋಡುವುದೂ ಬೇಡ.

ನಾವು ಪ್ರಾಕ್ಟೀಸ್‌ನಲ್ಲಿ ಇದನ್ನೇ ಒಂದು ಆಟ ಮಾಡಿಕೊಂಡಿದ್ದೇವೆ. ಹೇಳದೆ ಕೇಳದೆ ನಾನು ಟ್ರ್ಯಾಕ್ ನಿಲ್ಲಿಸುತ್ತೇನೆ. ಢೋಲಕ್ ನಿಲ್ಲಬಾರದು, ಗಾಯಕರು ಪಲ್ಲವಿಗೆ ಬರಬೇಕು, ನಾನು ಪಿಟೀಲಿನ ಜಾಗದಲ್ಲಿ ಕೀಬೋರ್ಡ್‌ನ ಸ್ಟ್ರಿಂಗ್ಸ್ ಹಿಡಿಯಬೇಕು. ಕಡೂರಿನ ಕಡೆ ಒಂದು ಜಾತ್ರೆಯಲ್ಲಿ ನಿಜವಾಗಿಯೂ ನಿಂತಿತು, ಸೆಲ್ ಬದಲಾಯಿಸಲು ನಾನೇ ಮರೆತಿದ್ದೆ. ಹಾಡು ಹೇಗೋ ದಡ ಸೇರಿತು. ಕೆಳಗೆ ಇಳಿದ ಮೇಲೆ ಸಮಿತಿಯ ಯಜಮಾನರು ಬಂದು ಬೆನ್ನು ತಟ್ಟಿ, "ಆ ಒಂದು ಹಾಡಲ್ಲಿ ಢೋಲಕ್ ಭಾರಿ ಚೆನ್ನಾಗಿ ಕೇಳಿಸ್ತು ಕಣಪ್ಪಾ, ಎಲ್ಲದಕ್ಕೂ ಹಂಗೇ ಇಡಬಾರದಾ?" ಅಂದರು.